ಕಪ್ಪು ಐದರ ನಳಿನಾಕ್ಷಿ

೯ ಅಕ್ಟೋಬರ್ ೧೯೮೩, ಅಲೆವೂರು

ಎಲೈ ಡೈರಿಯೇ, ಏಳು! ಜನವರಿಯಲ್ಲಿ ಬ್ಯಾಂಕಿನವರು ಕೊಟ್ಟಂದಿನಿಂದ ಅಕ್ಕಿ ಡಬ್ಬದ ಮೇಲೆ ಮಲಗಿ ಗೊರಕೆ ಹೊಡೆದದ್ದು ಸಾಕು. ನಿನ್ನ ಮುಂದೆ ನಿಂತಿರುವವನು ಯಾರೆಂದು ಬಲ್ಲೆಯಾ? ವಿಜಯಧ್ವಜ ನಾಟಕ ಮಂಡಳಿಯ ಹಾರ್ಮೋನಿಯಂ ಮಾಸ್ಟರ್ ಭುಜಂಗ! ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ರಾಜರಾಣಿಯರಿಗೆ ಸ್ವರ ಕೊಟ್ಟವನು. ರಾಜನಿಗೆ ಜ್ವರ ಬಂದ ದಿನ ಅವನ ಕಿರೀಟ ಏರಿಸಿ ಮೇಲೆ ಹತ್ತಿ, ಕಾರ್ಕಳದ ಬಯಲಿನ ತುದಿಯಲ್ಲಿ ಕಡಲೆ ಮಾರುವವನಿಗೂ ಕೇಳುವಂತೆ ಗರ್ಜಿಸಿದವನು!

ಇಷ್ಟು ಬರೆಯುವಷ್ಟರಲ್ಲಿ ಬೆರಳಿನ ಗೆಣ್ಣು ನೋಯುತ್ತಿದೆ. ಅರವತ್ತೆರಡಾಯಿತು. ಮಂಡಳಿ ಮುಚ್ಚಿ ಎಂಟು ವರ್ಷ. ಗರ್ಜನೆ ಈಗ ಬಸ್ ಕಂಡಕ್ಟರನ ಮೇಲೆ ಮಾತ್ರ.

ಇಂದಿನ ಕಥಾಭಾಗ ಇಷ್ಟು. ಬಹ್ರೈನಿನಿಂದ ಬಂದು ಉಡುಪಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿರುವ ಜನಾರ್ದನ ಮನೆಗೆ ಬಂದಿದ್ದ. ನಮ್ಮ ಮಂಡಳಿಯ ಗಾಯಕಿ ಕಾಪು ನಳಿನಾಕ್ಷಿಯವರ ಮೂವತ್ತು ವರ್ಷದ ಹಾಡುಗಳಲ್ಲಿ ಹದಿನಾರನ್ನು ಆರಿಸಿ ಒಂದೇ ಕ್ಯಾಸೆಟ್ ಮಾಡುತ್ತಾನಂತೆ. ಮೊದಲ ಬದಿಯಲ್ಲಿ ಎಂಟು ಹಳೆಯ ಹಾಡು, ಐವತ್ತನಾಲ್ಕರಿಂದ ಅರವತ್ತೆರಡರವರೆಗಿನ ಗ್ರಾಮಫೋನ್ ಪ್ಲೇಟುಗಳಿಂದ. ಎರಡನೆಯ ಬದಿಯಲ್ಲಿ ಪ್ಲೇಟಿಗೆ ಹೋಗದೇ ಉಳಿದ ಎಂಟು, ಈಗ ಹೊಸದಾಗಿ ಹಾಡಿಸಿ. ಹಾರ್ಮೋನಿಯಂ ನಾನೇ. ಕವರಿನ ಮಾದರಿಯನ್ನೂ ತಂದಿದ್ದ. ನಾಟಕದ ಪೋಸ್ಟರುಗಳಲ್ಲಿ ಹಾಕುತ್ತಿದ್ದ ಅದೇ ಬಿರುದು, ದಪ್ಪ ಅಕ್ಷರದಲ್ಲಿ: "ಕಪ್ಪು ಐದರ ಕೋಗಿಲೆ."

ಅದನ್ನು ಕಂಡು ಕವರನ್ನು ಮಗುಚಿ ಇಟ್ಟೆ.

"ಎಂತ ಮಾಸ್ಟ್ರೇ, ಸಂತೋಷ ಆಗಲಿಲ್ವಾ?" ಎಂದ ಜನಾರ್ದನ.

"ಆನಂದದಿಂದ ಕಂಠ ಬಿಗಿದಿದೆ" ಎಂದೆ, ಎರಡೂ ಕೈ ಎತ್ತಿ.

ಅವನು ಹೋದ ಮೇಲೆ ಕುಶಲಾ ಲೋಟ ಎತ್ತುತ್ತಾ ಹೇಳಿದಳು: "ಬಿಗಿದ ಕಂಠದಲ್ಲಿಯೇ ಮೂರು ದೋಸೆ ಇಳಿಯಿತು."

ಹೆಂಡತಿಯಲ್ಲ, ವಿಮರ್ಶಕಿ. ಮಹಾಜನಗಳೇ, ಈ ಕ್ಯಾಸೆಟ್ ಒಂದು ಮುಗಿದರೆ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿಬಿಡುತ್ತೇನೆ. ಇನ್ನು ಸಾಧ್ಯವಿಲ್ಲ.

೧೧ ಅಕ್ಟೋಬರ್

ಕವರು ಮಗುಚಿದ ಕಾರಣವನ್ನು ಬರೆಯಲೇಬೇಕು. ಕುಶಲಾಳಿಗೂ ಗೊತ್ತಿಲ್ಲದ್ದು.

ಹಾರ್ಮೋನಿಯಂನ ಒಂದು ಸಾಲಿನಲ್ಲಿ ಬಿಳಿ ಮನೆ ಏಳು, ಕಪ್ಪು ಮನೆ ಐದು. ಹಾಡುವವರು ತಮ್ಮ ಗಂಟಲಿಗೆ ಹೊಂದುವ ಒಂದು ಮನೆಯನ್ನು ಹಿಡಿದು ಅಲ್ಲಿಂದ ಹಾಡುತ್ತಾರೆ. ಐದನೆಯ ಕಪ್ಪು ಮನೆ ಬಹಳ ಮೇಲಿನದು. ನಳಿನಾಕ್ಷಿ ಇಪ್ಪತ್ತೆರಡರ ಹುಡುಗಿಯಾಗಿ ಬಂದು "ಮಾಸ್ಟ್ರೇ, ಕಪ್ಪು ಐದು ಕೊಡಿ" ಎಂದಾಗ ಮಂಡಳಿಯ ಗಂಡಸರೆಲ್ಲ ನಕ್ಕಿದ್ದರು. ಹಾಡಿ ಮುಗಿಸಿದಾಗ ಯಾರೂ ನಗಲಿಲ್ಲ.

ಅರವತ್ತಾರರಲ್ಲಿ, ಕಾರ್ಕಳದ ಆಟದಲ್ಲಿ, ಅವರ ತಾರಸ್ಥಾಯಿ ಒಡೆಯಿತು. ಸಭೆಗೆ ತಿಳಿಯದಂತೆ ನಾನು ಪೆಟ್ಟಿಗೆಯ ಸದ್ದಿನಲ್ಲಿ ಮುಚ್ಚಿದೆ. ಒಳಗೆ ಹೋಗಿ ನೋಡಿದರೆ ರಾಣಿಯ ವೇಷದಲ್ಲಿಯೇ ಟ್ರಂಕಿನ ಮೇಲೆ ಕುಳಿತು, "ನಾಳೆಯಿಂದ ನಾನು ಹಾಡುವುದಿಲ್ಲ ಮಾಸ್ಟ್ರೇ. ಕಪ್ಪು ಐದು ಹೋದರೆ ನಳಿನಾಕ್ಷಿ ಹೋದ ಹಾಗೆ" ಎಂದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಅದೇ ಕಾರ್ಕಳದ ಹಾರ್ಮೋನಿಯಂ ರಿಪೇರಿಯ ಹೂವಪ್ಪನಲ್ಲಿಗೆ ಹೋದೆ. ಅವನು ಒಳಗಿನ ಹಿತ್ತಾಳೆ ರೀಡುಗಳ ಬುಡವನ್ನು ಕೆರೆದು, ತುದಿಗೆ ಸೀಸದ ಚುಕ್ಕೆ ಇಟ್ಟು, ಇಡೀ ಪೆಟ್ಟಿಗೆಯನ್ನೇ ಒಂದು ಮೆಟ್ಟಿಲು ತಗ್ಗಿಸಿದ. ಮೇಲಿನ ಮನೆ ಅದೇ ಕಪ್ಪು ಐದು. ಒಳಗಿನ ಸ್ವರ ಮಾತ್ರ ಕೆಳಗಿನದು. ಆ ಸಂಜೆ ನಳಿನಾಕ್ಷಿ ಹಾಡಿದರು. ಎಂಥ ಹಾಡು! "ನೋಡಿ ಮಾಸ್ಟ್ರೇ, ನಿನ್ನೆಯದ್ದು ಬರೀ ಶೀತ" ಎಂದು ನಕ್ಕರು.

ಎಪ್ಪತ್ತಮೂರರಲ್ಲಿ ಇನ್ನೊಂದು ಮೆಟ್ಟಿಲು. ಮಂಡಳಿ ಮುಚ್ಚಿದ ಮೇಲೆ ಕಚೇರಿಗಳಿಗೆ ನುಡಿಸುವಾಗ, ಎಪ್ಪತ್ತೊಂಬತ್ತರಲ್ಲಿ, ಮತ್ತೊಂದು. ತಂಬೂರಿ, ತಬಲ ಎಲ್ಲವೂ ನನ್ನ ಪೆಟ್ಟಿಗೆಗೆ ಕಿವಿಗೊಟ್ಟು ಶ್ರುತಿಯಾಗುವಂಥವು, ಹಾಗಾಗಿ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಎರಡು. ಒಂದು, ಅವರ ಮನೆಯ ಗ್ರಾಮಫೋನು. ಹಳೆಯ ಪ್ಲೇಟು ಹಾಕಿಕೊಂಡು ಕೇಳಿದರೆ ವ್ಯತ್ಯಾಸ ತಿಳಿಯುತ್ತಿತ್ತು. ಅದನ್ನು ಪ್ಲೇಟುಗಳ ಸಮೇತ "ರಿಪೇರಿಗೆ" ಎಂದು ತಂದೆ. ತಂದು ಹದಿನೇಳು ವರ್ಷವಾಯಿತು. ಎರಡು, ಕೆಮ್ಮಣ್ಣಿನ ರೊಸಾರಿಯೊನ ಕ್ಲಾರಿಯೊನೆಟ್. ಅದರ ಸ್ವರ ಯಾರ ಮಾತಿಗೂ ಇಳಿಯುವುದಿಲ್ಲ. ಎಪ್ಪತ್ತಮೂರರಲ್ಲಿ, ಮಂಡಳಿಗೆ ಬಂದ ಹೊಸತರಲ್ಲೇ, ಅವನು ತಾಲೀಮಿನ ಮಧ್ಯೆ ನಿಲ್ಲಿಸಿ, "ಮಾಸ್ಟ್ರೇ, ಇದು ಕಪ್ಪು ಐದು ಅಲ್ಲ" ಎಂದ. ನಾನು ಎದ್ದು ನಿಂತು ಎಲ್ಲರೆದುರು ಗರ್ಜಿಸಿದೆ: "ಕೆಟ್ಟಿರುವುದು ಪೆಟ್ಟಿಗೆಯಲ್ಲ, ನಿನ್ನ ಕಿವಿ!" ಅವನು ವಾದ್ಯ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋದ.

ಬೇರೆ ದಾರಿ ಇರಲಿಲ್ಲ. ಒಬ್ಬ ಕಲಾವಿದೆಯನ್ನು ಉಳಿಸಿದೆ ನಾನು. ಚಪ್ಪಾಳೆ!

೧೬ ಅಕ್ಟೋಬರ್, ಕಾಪು

ಹಾಡು ಆರಿಸಲು ನಳಿನಾಕ್ಷಿಯವರ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ನಿಂತೇ ಹೋದದ್ದು. ದೀಪಸ್ತಂಭದ ಕಡೆಯಿಂದ ಬರುವ ಗಾಳಿಗೆ ಅವರ ಜಗಲಿಯಲ್ಲಿ ಕಾಗದ ನಿಲ್ಲುವುದಿಲ್ಲ; ಪಟ್ಟಿಯ ಮೇಲೆ ಎಲೆ ಅಡಿಕೆಯ ಪೆಟ್ಟಿಗೆ ಇಟ್ಟುಕೊಂಡಿದ್ದರು.

"ಮೊದಲನೆಯದು 'ಹೊಳೆಯಾಚೆ ನಿಂತವನೆ'. ಕೊನೆಯದು 'ದೋಣಿ ಬಂತೇನೆ ಗೆಳತಿ'. ನಡುವೆ ನೀವು ಎಂತ ಬೇಕಾದರೂ ತುಂಬಿಸಿ."

"ಎಲ್ಲಾ ಹದಿನಾರನ್ನೂ ನೀವೇ ಹೇಳಬೇಕು ನಳಿನಾಕ್ಷಿಯಮ್ಮ. ಇದು ನಿಮ್ಮ ಪಟ್ಟಾಭಿಷೇಕ!"

"ಪಟ್ಟಾಭಿಷೇಕ ಮಾಡುವುದು ಕಾಡಿಗೆ ಹೋಗಿ ಬಂದವರಿಗೆ. ನಾನು ಎಲ್ಲಿಗೂ ಹೋಗಲಿಲ್ಲ ಮಾಸ್ಟ್ರೇ, ಇಲ್ಲೇ ಇದ್ದೇನೆ." ನಗುತ್ತಾ ಎಲೆಗೆ ಸುಣ್ಣ ಹಚ್ಚಿದರು. "ಒಂದು ಮಾತ್ರ ಹೇಳ್ತೇನೆ. ಐವತ್ತೊಂದು ವರ್ಷ ನನಗೆ. ನನ್ನ ಜೊತೆ ಹಾಡಿದವರಲ್ಲಿ ಕೆಲವರು ಎರಡು ಮೂರು ಮನೆ ಇಳಿದರು, ಕೆಲವರು ಬಾಯಿಯನ್ನೇ ಮುಚ್ಚಿದರು. ನಾನು ಮಾತ್ರ ಕಪ್ಪು ಐದು. ಇದನ್ನು ಕ್ಯಾಸೆಟ್ಟಿನಲ್ಲಿ ಎರಡೂ ಬದಿ ಕೇಳಿದವರು ಒಪ್ಪಬೇಕು."

ನಾನು ಸುಣ್ಣದ ಡಬ್ಬಿಯನ್ನು ನೋಡುತ್ತಾ ಕುಳಿತೆ.

"ಹಾಂ, ನನ್ನ ಗ್ರಾಮಫೋನು?"

"ಅದರ ಸ್ಪ್ರಿಂಗು ಸಿಗುವುದಿಲ್ಲ" ಎಂದೆ.

"ಹದಿನೇಳು ವರ್ಷದಿಂದ ಒಂದು ಸ್ಪ್ರಿಂಗು! ನೀವು ಹುಡುಕುವುದು ಹೀಗಾದರೆ ಸೀತೆ ಇನ್ನೂ ಲಂಕೆಯಲ್ಲೇ ಇರ್ತಿದ್ದಳು."

ಹಿಂತಿರುಗುವಾಗ ಕೂರಲು ಜಾಗ ಸಿಕ್ಕಿತು. ಆದರೂ ದಣಿವು.

೨೨ ಅಕ್ಟೋಬರ್, ಅಲೆವೂರು

ಮಹಾಜನಗಳೇ, ದೈವಸಹಾಯ!

ಜನಾರ್ದನನಿಗೆ ಕೊಡಬೇಕಾದ ಪ್ಲೇಟುಗಳನ್ನು ಒರೆಸಿ ಇಡುತ್ತಿದ್ದೆ. ಒಂದನ್ನು ಗ್ರಾಮಫೋನಿನ ಮೇಲೆ ಹಾಕಿದೆ. ಅವರ ಇಪ್ಪತ್ತೆರಡರ ಧ್ವನಿ ಹೊರಟಿತು. ಹಿಂಡಿದ ಹಸಿ ನಿಂಬೆಯ ಹಾಗೆ ಅದರ ಚುರುಕು. ಕುಶಲಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಹಾಡಿನ ಅರ್ಧದಲ್ಲಿ ಕೀಲಿ ಸಡಿಲಾಗುತ್ತಾ ಬಂದು ಪ್ಲೇಟು ನಿಧಾನವಾಯಿತು. ಧ್ವನಿ ಇಳಿಯಿತು, ಇನ್ನೂ ಇಳಿಯಿತು. ಕೈ ತಾನಾಗಿ ನನ್ನ ಪೆಟ್ಟಿಗೆಯ ಮೇಲೆ ಹೋಗಿ ಕಪ್ಪು ಐದನ್ನು ಒತ್ತಿತು. ಒಂದು ಕ್ಷಣ ಎರಡೂ ಕೂಡಿದವು!

ಪ್ಲೇಟನ್ನು ನಿಧಾನವಾಗಿ ಓಡಿಸಿದರೆ ಹಳೆಯ ನಳಿನಾಕ್ಷಿ ಮೂರು ಮೆಟ್ಟಿಲು ಇಳಿದು ಈಗಿನ ನಳಿನಾಕ್ಷಿಯ ಪಕ್ಕದಲ್ಲಿ ನಿಲ್ಲುತ್ತಾಳೆ. ಎರಡು ಬದಿಗೂ ಒಂದೇ ಶ್ರುತಿ. ಯಾರಿಗೂ ತಿಳಿಯುವುದಿಲ್ಲ.

"ಕೀಲಿ ಕೊಡಿ, ಪಾಪ ಅವಳಿಗೆ ಉಸಿರು ಕಟ್ಟುತ್ತಾ ಉಂಟು" ಎಂದಳು ಕುಶಲಾ.

೨೭ ಅಕ್ಟೋಬರ್, ಮಣಿಪಾಲ

ಸ್ಟುಡಿಯೋ ಎಂದರೆ ಒಂದು ಅಕ್ಕಿ ಮಿಲ್ಲಿನ ಹಿಂದಿನ ಮಹಡಿ. ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ. ಮಿಲ್ಲು ಊಟಕ್ಕೆ ನಿಂತಾಗ ಮಾತ್ರ ಹಾಡು ತೆಗೆಯಬಹುದು. ಯಂತ್ರ ನೋಡಿಕೊಳ್ಳುವವನು ಸ್ಟ್ಯಾನಿಸ್ಲಾಸ್ ಎಂಬ ಮೂವತ್ತರ ಯುವಕ. ಭಾನುವಾರ ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು. ಮಾತು ಕಡಿಮೆ. ನನ್ನ ಪೆಟ್ಟಿಗೆಯನ್ನು ಒಮ್ಮೆ ನುಡಿಸಿ ನೋಡಿ, ಪಕ್ಕದ ತನ್ನ ಕೀಬೋರ್ಡಿನಲ್ಲಿ ಅದೇ ಮನೆ ಒತ್ತಿದ.

"ಮಾಸ್ಟ್ರೇ, ನಿಮ್ಮದು ಮೂರು ಮೆಟ್ಟಿಲು ಕೆಳಗೆ ಉಂಟು."

"ಹಳೆಯ ಪೆಟ್ಟಿಗೆ" ಎಂದೆ.

"ಹಳೆಯದಾದರೆ ಅಲ್ಲೊಂದು ಇಲ್ಲೊಂದು ಇಳೀತದೆ. ಇದು ಎಲ್ಲವೂ ಸಮ ಇಳಿದಿದೆ. ಯಾರೋ ಕೂತು ಇಳಿಸಿದ್ದು."

ಇವನೆದುರು ನಾಟಕ ನಡೆಯುವುದಿಲ್ಲ ಎಂದು ಕಂಡಿತು. ನಡೆದದ್ದನ್ನು ಹೇಳಿದೆ, ನನ್ನ ಉಪಾಯವನ್ನೂ ಹೇಳಿದೆ. ಅವನ ಪ್ಲೇಟಿನ ಯಂತ್ರದಲ್ಲಿ ವೇಗ ತಗ್ಗಿಸಲು ಒಂದು ಸಣ್ಣ ಗುಂಡಿ ಇದೆ. ಅವನು ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡಿದ್ದ.

"ಅಮ್ಮನಿಗೆ ಗೊತ್ತುಂಟಾ?"

"ಅವರಿಗಾಗಿಯೇ."

"ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ."

ಕೊನೆಗೆ ತಿರುಗಿಸಿದ. ಜನಾರ್ದನನಿಗೆ ಶ್ರುತಿ ಎಂದರೇನೆಂದೇ ತಿಳಿಯದು. "ಎರಡು ಬದಿಗೂ ಹೊಂದುತ್ತದಾದರೆ ಒಳ್ಳೆಯದೇ" ಎಂದ.

೨ ನವೆಂಬರ್, ಮಣಿಪಾಲ

ಪ್ಲೇಟಿನ ಎಂಟು ಹಾಡೂ ಟೇಪಿಗೆ ಇಳಿದಾಯಿತು. ಟೇಪು ಸುತ್ತಿಡುತ್ತಾ ಸ್ಟ್ಯಾನಿಸ್ಲಾಸ್ ಕೇಳಿದ: "ಎಪ್ಪತ್ತಮೂರರಲ್ಲಿ ನಿಮ್ಮ ಪೆಟ್ಟಿಗೆ ಎಷ್ಟು ಮೆಟ್ಟಿಲು ಇಳಿದಿತ್ತು?"

"ಎರಡು. ಯಾಕೆ?"

"ನನ್ನ ಪಪ್ಪ ಕೆಮ್ಮಣ್ಣಿನ ರೊಸಾರಿಯೊ."

ಕೆಳಗೆ ಮಿಲ್ಲು ಶುರುವಾಯಿತು. ಆ ಸದ್ದಿನಲ್ಲಿ ಅವನು ಬಾಗಿ, ನನ್ನ ಕಿವಿಗೆ ಕೇಳುವಷ್ಟೇ ಹೇಳಿದ: "ಅಂದಿನಿಂದ ಅವರು ಊದಲಿಲ್ಲ. ಇದನ್ನು ನಾನು ಹೋಗಿ ಹೇಳುವುದಿಲ್ಲ ಮಾಸ್ಟ್ರೇ. ನೀವೇ ಹೇಳಬೇಕು."

೩ ನವೆಂಬರ್

ಕೆಮ್ಮಣ್ಣಿಗೆ ಹೊರಟಿದ್ದೆ. ಬಸ್ಸು ತಪ್ಪಿತು.

೫ ನವೆಂಬರ್

ಮೊಣಕಾಲು ನೋವು. ಹೋಗಲಾಗಲಿಲ್ಲ. ಕುಶಲಾ ಎಣ್ಣೆ ಬಿಸಿ ಮಾಡಿ ಕೊಟ್ಟಳು. "ಕಾಪುವಿಗೆ ಹೋಗುವಾಗ ಈ ಮೊಣಕಾಲನ್ನು ಮನೆಯಲ್ಲಿ ಬಿಟ್ಟು ಹೋಗ್ತೀರಾ?" ಎಂದಳು. ನಾನು ಏನೂ ಹೇಳಿರಲಿಲ್ಲ ಅವಳಿಗೆ.

೯ ನವೆಂಬರ್, ಕಾಪು

ಇದನ್ನು ಬರೆಯಲು ಮೂರು ಸಲ ಕುಳಿತು ಎದ್ದೆ.

ಜನಾರ್ದನ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದಿದ್ದ. ಎರಡನೆಯ ಬದಿ ಹಾಡುವ ಮೊದಲು ಮೊದಲಿನದನ್ನು ಒಮ್ಮೆ ಕೇಳಿಸುವ ಎಂದು. ನಳಿನಾಕ್ಷಿ ಹೊಸ ಸೀರೆ ಉಟ್ಟು, ಪೂಜೆಗೆ ಕುಳಿತ ಹಾಗೆ ಕುಳಿತಿದ್ದರು. 'ಹೊಳೆಯಾಚೆ ನಿಂತವನೆ' ಶುರುವಾಯಿತು. ಅವರ ಮುಖದಲ್ಲಿದ್ದ ನಗು ಪಲ್ಲವಿ ಮುಗಿಯುವುದರೊಳಗೆ ಹೋಯಿತು. ಎರಡನೆಯ ಹಾಡನ್ನೂ ಪೂರ್ತಿ ಕೇಳಿದರು.

"ಯಾರಿದು?"

"ನೀವೇ ಅಲ್ವಾ ಅಮ್ಮ!" ಎಂದ ಜನಾರ್ದನ.

"ನಾನಲ್ಲ. ಹಾಡು ನನ್ನದು, ಗಮಕ ನನ್ನದು. ಆದರೆ ಇದು ಬೇರೆ ಯಾರೋ ಹೆಂಗಸು. ಇಪ್ಪತ್ತೆರಡಕ್ಕೆ ನಾನು ಇಷ್ಟು ದಣಿದಿರಲಿಲ್ಲ." ಧ್ವನಿ ಏರಿತು. "ಪ್ಲೇಟು ಒಡೆದುಹೋಯಿತಾ? ಒಡೆದರೆ ಒಡೆಯಿತು ಅನ್ನಬೇಕು. ಯಾರನ್ನೋ ಕರೆಸಿ ನನ್ನ ಹಾಗೆ ಹಾಡಿಸಿ, ನನ್ನ ಹೆಸರು ಹಾಕಿ ಮಾರುವುದಾ? ಗಲ್ಫಿನಲ್ಲಿ ಇದನ್ನೇ ಕಲಿತದ್ದಾ ನೀನು?"

"ಅಮ್ಮ, ದೇವರಾಣೆ, ನನಗೆ ಗೊತ್ತಿಲ್ಲ! ಆ ಸ್ಟ್ಯಾನಿಸ್ಲಾಸ್ ಎಂತ ಮಾಡಿದ್ದಾನೋ..."

"ಹಾಗಾದರೆ ಅವನನ್ನು ಕರೆಸು. ಇಲ್ಲವೇ ಎಲ್ಲ ಬಿಡು, ನನಗೆ ಈ ಕ್ಯಾಸೆಟ್ ಬೇಡ."

ಸುಮ್ಮನಿದ್ದರೆ ಸಾಕಿತ್ತು. ಪಾಪ ಸ್ಟ್ಯಾನಿಸ್ಲಾಸನ ತಲೆಗೆ ಹೋಗುತ್ತಿತ್ತು, ಹತ್ತು ವರ್ಷದ ಹಿಂದೆ ಅವನ ಅಪ್ಪನ ತಲೆಗೆ ಹೋದ ಹಾಗೆ. ಎದ್ದು ನಿಂತೆ. ಇಂಥ ದೃಶ್ಯಕ್ಕೆ ಬೇಕಾದ ಮಾತು ನನ್ನಲ್ಲಿ ರಾಶಿ ಇತ್ತು. ಬಾಯಿ ತೆರೆದರೆ ಬಂದದ್ದು, "ಅವನಲ್ಲ, ನಾನು" ಎಂದಿಷ್ಟೇ. ಅದೂ ಗಾಳಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.

ಎಲ್ಲವನ್ನೂ ಹೇಳಿದೆ.  ಮುಗಿದ ಮೇಲೆ ಅವರು ಒಂದೊಂದೇ ಕೇಳಿದರು.

"ಅರವತ್ತಾರರಿಂದಲಾ?"

"ಹೌದು."

"ಗ್ರಾಮಫೋನು?"

"ಚೆನ್ನಾಗಿಯೇ ಉಂಟು."

"ರೊಸಾರಿಯೊನ ಕಿವಿ?"

"ಅದೂ ಚೆನ್ನಾಗಿತ್ತು."

ಅವರು ಎಲೆ ಪೆಟ್ಟಿಗೆಯ ಮುಚ್ಚಳ ಹಾಕಿದರು. ಜನಾರ್ದನ ಅಂಗಳಕ್ಕೆ ಇಳಿದು ಹೋಗಿದ್ದ.

"ಗಂಟಲು ಇಳಿದದ್ದು ದೇವರ ಕೆಲಸ ಮಾಸ್ಟ್ರೇ. ಗೊತ್ತಾಗಿದ್ದರೆ ನಾಲ್ಕು ದಿನ ಅಳ್ತಿದ್ದೆ. ಐದನೆಯ ದಿನ ಎದ್ದು ಎಂತಾದರೂ ಮಾಡ್ತಿದ್ದೆ. ನೀವು ನನ್ನನ್ನು ಅಳಲಿಕ್ಕೂ ಬಿಡಲಿಲ್ಲ. ಹೋಗಲಿ, ಅದು ನನ್ನ ಮುಪ್ಪು, ನೀವು ಪೌಡರ್ ಬಳಿದಿರಿ ಅಂದುಕೊಳ್ತೇನೆ." ನನ್ನನ್ನು ನೋಡದೆ, ಟೇಪ್‌ರೆಕಾರ್ಡರನ್ನು ನೋಡುತ್ತಾ ಹೇಳಿದರು: "ನನ್ನ ಇಪ್ಪತ್ತೆರಡನ್ನು ಯಾಕೆ ಮುಟ್ಟಿದಿರಿ?"

 

೧೦ ನವೆಂಬರ್

ಮಲಗಿದ್ದೆ.

೧೪ ನವೆಂಬರ್

ಕಾಪುವಿನಿಂದ ಸುದ್ದಿಯಿಲ್ಲ. ಜನಾರ್ದನ ಬಂದಿದ್ದ, ಮುಖ ಸಣ್ಣ ಮಾಡಿಕೊಂಡು. ಸಾವಿರ ಕವರು ಅಚ್ಚಾಗಿಯಾಯಿತಂತೆ. 

ಕುಶಲಾಳಿಗೆ ಎಲ್ಲ ಹೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು, ನಿಲ್ಲಿಸಲಿಲ್ಲ. "ನಾನು ಅಂದುಕೊಂಡದ್ದೇ ಬೇರೆ. ಎರಡು ಸಲ ಪೆಟ್ಟಿಗೆ ಹೊತ್ತು ಒಬ್ಬರೇ ಕಾರ್ಕಳಕ್ಕೆ ಹೋದಿರಲ್ಲ, ಅಲ್ಲಿ ಯಾರೋ ಇದ್ದಾಳೆ ಅಂತ."

"ಹೂವಪ್ಪ ಇದ್ದ" ಎಂದೆ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಆದರೆ ಊಟ ಸೇರಿತು.

೧೯ ನವೆಂಬರ್, ಕೆಮ್ಮಣ್ಣು

ಬಸ್ಸಿನಲ್ಲಿ ಒಂದು ಭಾಷಣ ಕಟ್ಟಿಕೊಂಡಿದ್ದೆ. ಮೂರು ಭಾಗ: ಪೂರ್ವಕಥೆ, ಪಶ್ಚಾತ್ತಾಪ, ಕ್ಷಮಾಯಾಚನೆ. ರೊಸಾರಿಯೊ ಹೊಳೆಯ ಬದಿಯ ತೆಂಗಿನ ಬುಡದಲ್ಲಿ ಕುಳಿತು ಹಿಡಿಸೂಡಿ ಪೊರಕೆಗೆ ಗರಿಯ ಕಡ್ಡಿ ಸೀಳುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು ಎದ್ದು ನಿಂತ; ಹಳೆಯ ಮರ್ಯಾದೆ.

"ನೀನು ಅಂದು ಹೇಳಿದ್ದು ಸರಿ. ಅದು ಕಪ್ಪು ಐದು ಅಲ್ಲ" ಎಂದೆ. ಭಾಷಣದಲ್ಲಿ ಉಳಿದದ್ದು ಇದೊಂದೇ.

ಅವನು ಕತ್ತಿಯನ್ನು ಕೆಳಗಿಟ್ಟ.

"ನಾನು ಉಡುಪಿಗೆ ಹೋಗಿ ಡಾಕ್ಟರಿಗೆ ಕಿವಿ ತೋರಿಸಿದೆ ಮಾಸ್ಟ್ರೇ. ಎರಡು ಸಲ. ಎಂತದೂ ಆಗಲಿಲ್ಲ, ಕಿವಿ ಚಂದ ಉಂಟು ಅಂದರು. ಡಾಕ್ಟರಿಗೆ ಎಂತ ಗೊತ್ತು, ಭುಜಂಗ ಮಾಸ್ಟ್ರಿಗಿಂತ ಹೆಚ್ಚಾ ಅಂತ ಮನೆಗೆ ಬಂದು ಎಣ್ಣೆ ಬಿಟ್ಟೆ. ಹತ್ತು ವರ್ಷ ಎಣ್ಣೆ ಬಿಟ್ಟೆ." ಕಡ್ಡಿಯ ರಾಶಿಯನ್ನು ಬದಿಗೆ ಸರಿಸಿದ. "ಇಗರ್ಜಿಯಲ್ಲಿ ಮಗ ಆರ್ಗನ್ ನುಡಿಸುವಾಗಲೂ ನಾನು ಬಾಯಿ ಬಿಟ್ಟು ಹಾಡುವುದಿಲ್ಲ. ಶ್ರುತಿ ತಪ್ಪಿ ಹೋದೀತು ಅಂತ."

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಎಳನೀರು ಕೆತ್ತಿ ಕೊಟ್ಟ, ತಾನು ಕುಡಿಯಲಿಲ್ಲ.

೨೪ ನವೆಂಬರ್

ಕಾಪುವಿನಿಂದ ಕಾರ್ಡು. ಅವರದೇ ಅಕ್ಷರ. "ಪೆಟ್ಟಿಗೆಯ ರೀಡು ಮೊದಲಿನಂತೆ ಮಾಡಿಸಿ. ಕಪ್ಪು ಐದು ಕಪ್ಪು ಐದೇ ಆಗಿರಬೇಕು. ಮೊದಲ ಬದಿ ಪ್ಲೇಟು ಇದ್ದ ಹಾಗೆ ಹೋಗಲಿ. ಡಿಸೆಂಬರ್ ನಾಲ್ಕಕ್ಕೆ ಮಣಿಪಾಲಕ್ಕೆ ಬರುತ್ತೇನೆ. ಕ್ಲಾರಿಯೊನೆಟ್ ಬೇಕು." ಕೆಳಗೆ ಹೆಸರಿಲ್ಲ.

೨೬ ನವೆಂಬರ್, ಕಾರ್ಕಳ

ಹೂವಪ್ಪನಿಗೂ ಕಣ್ಣು ಮಂಜು. ಮಸೂರ ಹಿಡಿದು ಒಂದೊಂದೇ ರೀಡಿನ ತುದಿಯ ಸೀಸ ಕಿತ್ತ. ಬುಡ ಸವೆದವನ್ನು ಎಸೆದು ಹೊಸದನ್ನು ಕೂರಿಸಿದ. ದಿನವಿಡೀ ಹಿಡಿಯಿತು. ಕಿತ್ತ ಸೀಸದ ಚುಕ್ಕೆಗಳನ್ನೆಲ್ಲ ಒಂದು ಕಾಗದದಲ್ಲಿ ಮಡಚಿ ಕೊಟ್ಟ. ಒಂದು ಚಮಚದಷ್ಟೂ ಇಲ್ಲ.

"ಮಾಸ್ಟ್ರೇ, ಈಗ ಇದು ಒಳ್ಳೆ ಮೇಲೆ ಉಂಟು. ಅಮ್ಮನಿಗೆ ಹತ್ತುತ್ತದಾ?"

ಗೊತ್ತಿಲ್ಲ. ಹತ್ತದಿದ್ದರೆ ಯಂತ್ರದ ಎದುರು, ಎಲ್ಲರೆದುರು ಒಡೆಯುತ್ತದೆ. ಈ ಸಲ ಮುಚ್ಚಲು ನಾನು ಪೆಟ್ಟಿಗೆಯ ಸದ್ದು ಏರಿಸಕೂಡದು.

೪ ಡಿಸೆಂಬರ್, ಮಣಿಪಾಲ

ಭಾನುವಾರ, ಮಿಲ್ಲಿಗೆ ರಜೆ. ನಳಿನಾಕ್ಷಿ ಹತ್ತಕ್ಕೆ ಬಂದರು. ನನಗೆ ನಮಸ್ಕಾರ ಮಾಡಿ ಮುಂದೆ ನಡೆದರು. ಮೂಲೆಯಲ್ಲಿ ರೊಸಾರಿಯೊ ಕುಳಿತಿದ್ದ. ಮೊಣಕಾಲ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ. ಮಗನೇ ಕರೆತಂದದ್ದು. ನಳಿನಾಕ್ಷಿ ಅವನ ಹತ್ತಿರ ಹೋಗಿ, "ಇನ್ನೂ ಊದಲಿಕ್ಕೆ ಬರ್ತದಾ?" ಎಂದರು.

"ಹದಿನೈದು ದಿನದಿಂದ ಊದುತ್ತಾ ಇದ್ದೇನೆ ಅಮ್ಮ. ನೆರೆಯವರು ಮನೆ ಮಾರುವ ಅಂತ ಇದ್ದಾರೆ."

ಮೊದಲು 'ದೋಣಿ ಬಂತೇನೆ ಗೆಳತಿ'. ಕೊನೆಯ ಹಾಡನ್ನೇ ಮೊದಲು ಹಾಡುತ್ತೇನೆ ಎಂದರು. ಟೇಪು ಓಡತೊಡಗಿತು.

"ಕಪ್ಪು ಐದು" ಎಂದರು.

ಕೊಟ್ಟೆ. ನಿಜವಾದ ಕಪ್ಪು ಐದು. ಹದಿನೇಳು ವರ್ಷದ ಮೇಲೆ ಅದು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಅವರು ಕಣ್ಣು ಮುಚ್ಚಿ ಹಿಡಿದರು. ಪಲ್ಲವಿ ದಾಟಿತು. ಅನುಪಲ್ಲವಿಯ ಮೊದಲ ಏರು ದಾಟಿತು. ಎರಡನೆಯ ಏರಿನಲ್ಲಿ, ಅರವತ್ತಾರರಲ್ಲಿ ಕಾರ್ಕಳದಲ್ಲಿ ಒಡೆದ ಜಾಗದಲ್ಲಿಯೇ, ಒಡೆಯಿತು. ನನ್ನ ಕೈ ತಿದಿಯ ಮೇಲೆ ಬಲವಾಗಿ ಹೋಯಿತು. ತಡೆದು ಹಿಡಿದೆ.

 ಅವರು ಕಣ್ಣು ತೆರೆಯಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಸ್ಟ್ಯಾನಿಸ್ಲಾಸ್ ಯಂತ್ರ ನಿಲ್ಲಿಸಲು ಕೈ ಚಾಚಿದ. ಬೇಡ ಎಂದು ಅವರು ಬೆರಳು ಎತ್ತಿದರು. ಸುಮಾರು ಹೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿ ಸಾಮಾನು ಕೇಳುವಷ್ಟೇ ಸಲೀಸಾಗಿ ಹೇಳಿದರು:

"ಮಾಸ್ಟ್ರೇ, ಬಿಳಿ ಐದು."

ಬಿಳಿ ಐದು. ಮೂರು ಮೆಟ್ಟಿಲು ಕೆಳಗೆ. ನಾನು ಅವರಿಗೆ ಗೊತ್ತಿಲ್ಲದೆ ಇಳಿಸಿಟ್ಟಿದ್ದ ಅದೇ ಜಾಗ. ನನ್ನ ಬೆರಳು ಮೂವತ್ತು ವರ್ಷದ ಅಭ್ಯಾಸದಲ್ಲಿ ಮತ್ತೆ ಕಪ್ಪು ಐದಕ್ಕೇ ಹೋಗಿ ಒತ್ತಿತು. ತಪ್ಪು ಎಂದು ತಿಳಿಯಿತು, ಆದರೆ ಸರಿಯಾದದ್ದು ಎಲ್ಲಿದೆ ಎಂದು ಒಂದು ಕ್ಷಣ ಕೈಗೆ ಹೊಳೆಯಲಿಲ್ಲ. ಆಗ ಮೂಲೆಯಿಂದ ಕ್ಲಾರಿಯೊನೆಟ್ ಸಣ್ಣಗೆ ಒಂದು ಸ್ವರ ಹಿಡಿಯಿತು. ಅಲುಗಾಡಲಿಲ್ಲ. ಅದನ್ನು ಕೇಳಿಕೊಂಡು ನನ್ನ ಬೆರಳು ಹುಡುಕುತ್ತಾ ಹೋಗಿ ಬಿಳಿ ಐದರ ಮೇಲೆ ಕುಳಿತಿತು.

ಅವರು ಹಾಡಿದರು. ಒಂದೇ ಸಲಕ್ಕೆ, ಮೊದಲಿನಿಂದ ಕೊನೆಯವರೆಗೆ. ಹೇಗಿತ್ತು ಎಂದು ಬರೆಯಲು ಹೊರಟು ನಾಲ್ಕು ಸಾಲು ಹೊಡೆದುಹಾಕಿದೆ. ಚೆನ್ನಾಗಿತ್ತು.

ಆಮೇಲೆ ಜನಾರ್ದನ ತಲೆ ಕೆರೆದುಕೊಂಡ. "ಅಮ್ಮ, 'ಬಿಳಿ ಐದು' ಅಂದದ್ದನ್ನೂ, ಮಾಸ್ಟ್ರ ಆ ತಪ್ಪು ಸ್ವರವನ್ನೂ ತೆಗೆದುಬಿಡುವ. ಕವರಿನಲ್ಲಿ ಕಪ್ಪು ಐದರ ಕೋಗಿಲೆ ಅಂತ ಅಚ್ಚಾಗಿದೆಯಲ್ಲ."

"ಕವರಿನಲ್ಲಿ ಸುಳ್ಳಿದ್ದರೆ ಇರಲಿ. ಒಳಗೆ ಬೇಡ" ಎಂದರು ನಳಿನಾಕ್ಷಿ. "ಈ ಬದಿ ನಾನು 'ಬಿಳಿ ಐದು' ಅಂದಲ್ಲಿಂದಲೇ ಶುರುವಾಗಲಿ. ಒಂದನ್ನೂ ಕತ್ತರಿಸಬೇಡ." ನನ್ನ ಕಡೆ ತಿರುಗಿದರು. "ಮುಂದಿನದು ಯಾವುದು ಮಾಸ್ಟ್ರೇ? ಹಾಗೇ ಕೂತಿರ್ತೀರಾ? ಪಟ್ಟಿ ನೋಡಿ."

೧೧ ಡಿಸೆಂಬರ್, ಕಾಪು

ಗ್ರಾಮಫೋನು ಹಿಂದಕ್ಕೆ ಕೊಟ್ಟು ಬಂದೆ. ಬಸ್ಸಿನಲ್ಲಿ ಕುಶಲಾ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಳಿನಾಕ್ಷಿ ಕೀಲಿ ತಿರುಗಿಸಿ ನೋಡಿ, "ಸ್ಪ್ರಿಂಗು ಸಿಕ್ಕಿತು ಅಂತಾಯಿತು" ಎಂದರು.  ಫೆಬ್ರವರಿಯಲ್ಲಿ ಹೆಬ್ರಿಯಲ್ಲಿ ಒಂದು ಕಾರ್ಯಕ್ರಮ ಇದೆಯಂತೆ, ಬೇಗ ಹೊರಡಬೇಕಾಗುತ್ತದೆ ಎಂದರು. ಬರುತ್ತೀರಾ ಎಂದು ಕೇಳಲಿಲ್ಲ. ಹೊರಡುವ ಸಮಯ ಮಾತ್ರ ಹೇಳಿದರು.

೨೮ ಡಿಸೆಂಬರ್, ಉಡುಪಿ

ಗೆಣ್ಣಿನ ಮದ್ದಿಗೆ ಹೋಗಿದ್ದೆ. ಬಸ್ ನಿಲ್ದಾಣದ ಬದಿಯ ಅಂಗಡಿಯಲ್ಲಿ ಕ್ಯಾಸೆಟ್ ಹಾಕಿದ್ದರು. ನಿಂತು ಕೇಳಿದೆ. ಹಳೆಯ ನಳಿನಾಕ್ಷಿ ತನ್ನ ಎತ್ತರದಲ್ಲಿಯೇ ಹಾಡುತ್ತಿದ್ದಳು. ಸಾಲಿನಲ್ಲಿ ನಿಂತವರು ಕತ್ತೆತ್ತಿ ನೋಡುತ್ತಿದ್ದರು. ಬದಿ ಮುಗಿಯಿತು. ಅಂಗಡಿಯವನು ತಿರುಗಿಸಿ ಹಾಕಿದ.

"ಮಾಸ್ಟ್ರೇ, ಬಿಳಿ ಐದು." ಇಡೀ ನಿಲ್ದಾಣಕ್ಕೆ ಕೇಳಿತು. ಹಿಂದೆಯೇ ನನ್ನ ತಪ್ಪು ಸ್ವರ, ರೊಸಾರಿಯೊನ ಸ್ವರ, ತಡವರಿಸಿಕೊಂಡು ಬಂದ ನನ್ನದು.

ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದವನೊಬ್ಬ ನಕ್ಕ. "ಈ ಪೆಟ್ಟಿಗೆಯವನಿಗೆ ಮನೆಯೇ ಗೊತ್ತಿಲ್ಲ ಮಾರಾಯ್ರೆ. ಊದುವವನು ಹೇಳಿಕೊಡಬೇಕಾಯಿತು!"

ಮನೆಗೆ ಬಂದು ಕುಶಲಾಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಇಟ್ಟು ನನ್ನ ಮುಖ ನೋಡಿದಳು. ನಿಲ್ದಾಣವೇ ನಡುಗುವಂತೆ ಗರ್ಜಿಸಿರಬೇಕು ಎಂದುಕೊಂಡಳೋ ಏನೋ.

"ಅದಕ್ಕೆ ನೀವು ಎಂತ ಹೇಳಿದಿರಿ?"

"ಹೌದು ಅಂದೆ."